ಇಂಡಕ್ಷನ್ ಪಟ್ಟಿಯಲ್ಲಿ 17 ಕಾರ್ಯಕ್ರಮ: ಯಾವುದಕ್ಕೆ ಹೋಗಲಿ, ಯಾವುದನ್ನು ಬಿಡಲಿ?

ಆಗುಂಬೆ ಮಳೆ

ಎಲ್ಲರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಹತ್ತಿರ. ಸಿಇಟಿ ಎರಡನೇ ಸುತ್ತಿನಲ್ಲಿ ಬೆಂಗಳೂರಿನ ಒಂದು ವಿಟಿಯು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕಿದೆ. ಸೋಮವಾರದಿಂದ ಇಂಡಕ್ಷನ್ ಶುರು, ಅಂದರೆ ಹೊಸಬರಿಗೆ ಕಾಲೇಜು ಪರಿಚಯಿಸೋ ಕಾರ್ಯಕ್ರಮಗಳು. ನಿನ್ನೆ ವಾಟ್ಸಾಪ್ ಗ್ರೂಪಿಗೆ ಒಂದು ಪಿಡಿಎಫ್ ಬಂತು. ಕೂತು ಎಣಿಸಿದೆ, ಮೂರು ವಾರಕ್ಕೆ 17 ಕಾರ್ಯಕ್ರಮ!

ದಿನಾ ಬೆಳಗ್ಗೆ 9ರಿಂದ 11 ಮಾನವೀಯ ಮೌಲ್ಯಗಳ ತರಗತಿ. ಅದು ಬಿಟ್ಟು ವಿಭಾಗದ ಪರಿಚಯ, ಲೈಬ್ರರಿ, ಗಣ್ಯರ ಭಾಷಣ, ಯೋಗ, ಕ್ಲಬ್‌ಗಳ ಸ್ಟಾಲು. ಮೊದಲ ಶನಿವಾರ ಬೆಳಗ್ಗೆ ಆರಕ್ಕೆ ಎನ್‌ಸಿಸಿ ಆಯ್ಕೆ. ಅದೇ ದಿನ ಹತ್ತಕ್ಕೆ ಪೋಷಕರ ಸಭೆ. ಅದೇ ಹತ್ತಕ್ಕೆ ಕನ್ನಡ ಸಂಘದ ಆಡಿಷನ್ನು. ಎರಡನೇ ವಾರ ಹೊರಗಿನ ಕಂಪನಿಯವರ 'ಕೆರಿಯರ್ ತರಬೇತಿ'. ಮೂರನೇ ಶನಿವಾರ 24 ಗಂಟೆಯ ಹ್ಯಾಕಥಾನ್ (ತಂಡ ಕಟ್ಟಿಕೊಂಡು ಕೋಡ್ ಬರೆಯೋ ಸ್ಪರ್ಧೆ), ಸಂಜೆ ಫ್ರೆಷರ್ಸ್ ಪಾರ್ಟಿ, ತಲೆಗೆ 900 ರೂಪಾಯಿ. ಅದರ ಮಾರನೇ ದಿನ ನಮ್ಮನೆಯಲ್ಲಿ ಭೂಮಿ ಹುಣ್ಣಿಮೆ, ಭೂಮಿಗೆ ಪೂಜೆ ಮಾಡೋ ಹಬ್ಬ.

ಅಪ್ಪ ಎಲ್ಲದಕ್ಕೂ ಹೋಗು ಅಂತಾರೆ. ಇಂಜಿನಿಯರಿಂಗ್ ಮುಗಿಸಿರೋ ದೊಡ್ಡಪ್ಪನ ಮಗ ಯಾವುದಕ್ಕೂ ಹೋಗಬೇಡ, ಆಮೇಲೆ ನಾಲ್ಕು ವರ್ಷ ನಿದ್ದೆ ಸಿಗಲ್ಲ, ಈಗಲೇ ಮಲಗು ಅಂತಾನೆ. ನೀವು ಹೇಗೆ ಆರಿಸಿಕೊಂಡಿರಿ?

ಕ್ಯಾಂಟೀನ್ ಮೂಲೆ

ಮೂರನೇ ವರ್ಷದವನು, ನಿಮ್ಮದಲ್ಲದ ಕಾಲೇಜು. ಆದರೆ ಪಟ್ಟಿ ನೋಡಿದರೆ ನಮ್ಮದೇ ಅನ್ನಿಸುತ್ತೆ. ಎಲ್ಲ ಕಡೆ ಒಂದೇ ಥರ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಮಾದರಿಯಲ್ಲಿ ಮೂರು ವಾರದ ಇಂಡಕ್ಷನ್ ಇದೆ. ಕೆಲವು ಕಾಲೇಜು ಅದನ್ನು ಒಂದೇ ವಾರಕ್ಕೆ ಮುದುರಿಸಿಬಿಡುತ್ತವೆ. ನಿಮ್ಮಲ್ಲಿ ಮೂರು ವಾರವೂ ಇದೆ ಅಂದರೆ ಒಳ್ಳೆಯದೇ.

ಪ್ರತಿ ಕಾರ್ಯಕ್ರಮಕ್ಕೂ ಒಂದೇ ಪ್ರಶ್ನೆ ಕೇಳಿ ನೋಡಿ: ಇದು ಮತ್ತೆ ಯಾವಾಗ ಬರುತ್ತೆ? ಗಣ್ಯರ ಭಾಷಣ ತಿಂಗಳಿಗೊಂದು ಇರುತ್ತೆ. ಹ್ಯಾಕಥಾನ್ ಸೆಮಿಸ್ಟರಿಗೆ ಎರಡು ಮೂರು. ಲೈಬ್ರರಿ ಎಲ್ಲಿಗೂ ಓಡಿ ಹೋಗಲ್ಲ. ಎನ್‌ಸಿಸಿ ಮಾತ್ರ ವರ್ಷಕ್ಕೆ ಒಂದೇ ಸಲ. ಮೊದಲ ವರ್ಷ ತಪ್ಪಿದರೆ ಆಮೇಲೆ ಕಷ್ಟ.

ಚುರುಮುರಿ

ಹಾಗೆ ನೋಡಿದರೆ ಫ್ರೆಷರ್ಸ್ ಪಾರ್ಟಿ ಜೀವನದಲ್ಲೇ ಒಂದು ಸಲ ಅಲ್ವಾ? ನಿಮ್ಮ ಲೆಕ್ಕದ ಪ್ರಕಾರ ಅದಕ್ಕೇ ಮೊದಲು ಹೋಗಬೇಕು 😄

ಕ್ಯಾಂಟೀನ್ ಮೂಲೆ

ಸಿಕ್ಕಿಬಿದ್ದೆ. ಸರಿ, ಪ್ರಶ್ನೆ ತಿದ್ದುತ್ತೇನೆ: ತಪ್ಪಿಸಿಕೊಂಡರೆ ಯಾವ ಬಾಗಿಲು ಮುಚ್ಚುತ್ತೆ? ಫ್ರೆಷರ್ಸ್ ತಪ್ಪಿದರೆ ನಾಲ್ಕು ಫೋಟೋ ತಪ್ಪುತ್ತೆ, ಅಷ್ಟೆ.

ಚುರುಮುರಿ

ಅಷ್ಟೇ ಅಲ್ಲ ರೀ. ನಮ್ಮ ಬ್ಯಾಚಿನಲ್ಲಿ ಹಾಸ್ಟೆಲಿನವರು, ಮನೆಯಿಂದ ಬರೋರು ಅಂತ ಎರಡು ಗುಂಪು ಆಗಿತ್ತು. ಅದು ಒಡೆದಿದ್ದೇ ಫ್ರೆಷರ್ಸ್ ಡ್ಯಾನ್ಸ್ ಪ್ರಾಕ್ಟೀಸಿನಲ್ಲಿ. ಪಾರ್ಟಿ ದಿನ ಅಲ್ಲ, ಪ್ರಾಕ್ಟೀಸ್ ದಿನಗಳಲ್ಲಿ. ಅದಕ್ಕೆ ದುಡ್ಡೂ ಇಲ್ಲ. ಹೋಗಿ ಹಿಂದಿನ ಸಾಲಿನಲ್ಲಿ ಕೈಕಾಲು ಆಡಿಸಿ ಬನ್ನಿ. ಪಾರ್ಟಿ ಬಿಟ್ಟರೂ ನಡೆಯುತ್ತೆ.

ಚಾಕ್‌ಪೀಸ್

14 ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಎರಡು ಸಲ ಇಂಡಕ್ಷನ್ ಸಮಿತಿಯಲ್ಲೂ ಇದ್ದೆ. ಒಳಗಿನ ಗುಟ್ಟು ಹೇಳುತ್ತೇನೆ. ಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ ಇರುವುದೆಲ್ಲ ಮುಖ್ಯ ಅಲ್ಲ. ಗಣ್ಯರ ಹೆಸರು ದಪ್ಪಗಿರುತ್ತೆ, ಬ್ಯಾನರ್ ಹಾಕಬೇಕಲ್ಲ. ನಿಜಕ್ಕೂ ಕೆಲಸಕ್ಕೆ ಬರುವುದು ಸಣ್ಣ ಅಕ್ಷರದಲ್ಲಿ 'ವಿಭಾಗದ ಪರಿಚಯ' ಅಂತ ಇರುವ ಒಂದೂವರೆ ಗಂಟೆ.

ಅಲ್ಲಿ ಹೇಳುವುದೇನು? ನೀವು ಫಿಸಿಕ್ಸ್ ಸೈಕಲ್ಲೋ ಕೆಮಿಸ್ಟ್ರಿ ಸೈಕಲ್ಲೋ, ಅಂದರೆ ಮೊದಲ ಸೆಮಿಸ್ಟರಿನಲ್ಲಿ ಯಾವ ವಿಷಯಗಳ ಗುಂಪು. ಇಂಟರ್ನಲ್ಸ್, ಅಂದರೆ ಕಾಲೇಜಿನೊಳಗಿನ ಪರೀಕ್ಷೆಗಳ ಅಂಕ, ಹೇಗೆ ಲೆಕ್ಕ. ವಿಟಿಯು ಲೆಕ್ಕದಲ್ಲಿ ಒಳಗಿನ ಅಂಕ 50, ಸೆಮಿಸ್ಟರ್ ಪರೀಕ್ಷೆದು 50. ಒಳಗಿನ 50ರಲ್ಲಿ 20 ಬರದಿದ್ದರೆ ಪರೀಕ್ಷೆಗೆ ಕೂರುವ ಹಾಗೇ ಇಲ್ಲ. ಹಾಜರಾತಿ 85 ಪರ್ಸೆಂಟ್ ಬೇಕು. ಕನ್ನಡ ಬರುವವರಿಗೆ ಸಾಂಸ್ಕೃತಿಕ ಕನ್ನಡ, ಬಾರದವರಿಗೆ ಬಳಕೆ ಕನ್ನಡ. ಇದನ್ನು ಡಿಸೆಂಬರಿನಲ್ಲಿ ನನ್ನ ಹತ್ತಿರ ಬಂದು 'ಗೊತ್ತೇ ಇರಲಿಲ್ಲ ಸರ್' ಅಂತ ಅಳುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಕೇಳಿದರೆ ಆ ದಿನ ಮಾಲ್‌ಗೆ ಹೋಗಿದ್ದೆವು ಅನ್ನುತ್ತಾರೆ.

ಇನ್ನೊಂದು, ನಿಮ್ಮನ್ನು ನೋಡಿಕೊಳ್ಳಲು ಗೊತ್ತುಮಾಡಿದ ಮೇಷ್ಟರು, ಅಂದರೆ ಮೆಂಟರ್, ಜೊತೆಗಿನ ಮೊದಲ ಭೇಟಿ. ಕೆಲವು ಕಡೆ ಪ್ರಾಕ್ಟರ್ ಅಂತಾರೆ. ಹತ್ತು ನಿಮಿಷದ್ದು. ಹೋಗಿ ಮುಖ ತೋರಿಸಿ. ಮುಂದೆ ಜ್ವರ ಬಂದು ಹತ್ತು ದಿನ ಊರಿನಲ್ಲಿ ಮಲಗಿದರೆ ನಿಮ್ಮ ಪರವಾಗಿ ಮಾತಾಡುವವರು ಅವರೇ.

ಪವರ್ ಕಟ್

ಸರ್, ಮಾನವೀಯ ಮೌಲ್ಯ ಬಿಡಬಹುದಾ? ಸತ್ಯ ಹೇಳಿ.

ಚಾಕ್‌ಪೀಸ್

ಹಾಜರಿ ತೆಗೆದುಕೊಳ್ಳುತ್ತಾರೆ, ಆದ್ದರಿಂದ ನನ್ನ ಬಾಯಲ್ಲಿ ಬಿಡಿ ಅಂತ ಬರಲ್ಲ. ನಡೆಸುವವರ ಮೇಲೆ ಹೋಗುತ್ತೆ. ಸ್ಲೈಡ್ ಓದಿಸುವವರು ಸಿಕ್ಕರೆ ನರಕ. 20 ಜನರನ್ನು ದುಂಡಗೆ ಕೂರಿಸಿ ಮಾತಾಡಿಸುವವರು ಸಿಕ್ಕರೆ ಬೇರೆ ಮಾತು. ನಮ್ಮಲ್ಲಿ ಒಬ್ಬ ಹುಡುಗ ಅಪ್ಪ ತೀರಿಕೊಂಡ ವಿಷಯ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅಲ್ಲಿಯೇ.

ನೈಟ್ ಬಸ್ ಅಪ್ಪ

ನಾನು ಬಳ್ಳಾರಿ ಕಡೆಯವನು. ಹೋದ ವರ್ಷ ಮಗನನ್ನು ಸೇರಿಸಿದೆ. ಪೋಷಕರ ಸಭೆ ಬಗ್ಗೆ ಎರಡು ಮಾತು. ರಾತ್ರಿ ಬಸ್ಸಿನಲ್ಲಿ ಬಂದು, ಮೆಜೆಸ್ಟಿಕ್ಕಿನಲ್ಲಿ ಮುಖ ತೊಳೆದು ಹೋಗಿದ್ದೆ. ಮೊದಲ ಎರಡು ಗಂಟೆ ಕಾಲೇಜಿನ ಹೊಗಳಿಕೆ. ಹಾರ, ತುರಾಯಿ, ದೀಪ. ಅರ್ಧ ಜನ ನಿದ್ದೆ ಹೋದರು, ನಾನೂ ಸೇರಿ.

ಆಮೇಲೆ ಪ್ರಶ್ನೆ ಕೇಳಿ ಅಂದರು. ಯಾರೂ ಕೈ ಎತ್ತಲಿಲ್ಲ. ಇಂಗ್ಲಿಷಿನಲ್ಲಿ ಕೇಳಬೇಕೇನೋ ಅಂತ ಭಯ. ನಾನು ಕನ್ನಡದಲ್ಲೇ ಕೇಳಿದೆ. ಹಾಸ್ಟೆಲ್ ಗೇಟು ಎಷ್ಟು ಗಂಟೆಗೆ ಹಾಕ್ತೀರಿ? ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಅರ್ಜಿಗೆ ಕಾಲೇಜಿನಲ್ಲಿ ಯಾರನ್ನು ಕಾಣಬೇಕು? ಮುಂದಿನ ವರ್ಷ ಬೇರೆ ಹೆಸರಲ್ಲಿ ಫೀಸು ಸೇರಿಸ್ತೀರಾ? ಮೂರನೇ ಪ್ರಶ್ನೆಗೆ ಉತ್ತರ ಬರಲಿಲ್ಲ, ನಗು ಬಂತು. ಆದರೆ ಎರಡನೆಯದಕ್ಕೆ ಒಬ್ಬ ಮೇಡಂ ಎದ್ದು ನಿಂತು ತಮ್ಮ ಕೌಂಟರ್ ನಂಬರ್ ಹೇಳಿದರು. ಆಮೇಲೆ ಸುಮಾರು ಮಂದಿ ನನ್ನ ಹಿಂದೆಯೇ ಅಲ್ಲಿಗೆ ಬಂದರು.

ತಂಗಿ, ನಿಮ್ಮ ಅಪ್ಪನಿಗೆ ಹೇಳಿ, ಅವರು ಸಭೆಗೆ ಹೋಗಲಿ. ಅಲ್ಲಿ ನಿಮಗೆ ಕೆಲಸ ಇಲ್ಲ. ನೀವು ಅದೇ ಹೊತ್ತಿಗೆ ಆಡಿಷನ್ನಿಗೆ ಹೋಗಿ.

ಆಗುಂಬೆ ಮಳೆ

ಇದು ಹೊಳೆದೇ ಇರಲಿಲ್ಲ! ನಾನು ಅಪ್ಪನ ಪಕ್ಕ ಕೂರಬೇಕು ಅಂದುಕೊಂಡಿದ್ದೆ. ಥ್ಯಾಂಕ್ಸ್ ಅಂಕಲ್.

ಇನ್ನೊಂದು ಮುಜುಗರದ ಪ್ರಶ್ನೆ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಕ್ಲಬ್ ಸ್ಟಾಲುಗಳಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಪರಿಚಯ ಕೇಳ್ತಾರಂತೆ. ಅದಕ್ಕೇ ಆ ದಿನ ಬಿಟ್ಟುಬಿಡೋಣ ಅನ್ನಿಸ್ತಿದೆ.

ಸ್ಲೇಟು ಬಳಪ

ಬಿಡಬೇಡಿ. ನಾನೂ ಹಾಗೇ ಬಿಟ್ಟವಳು, 2013ರಲ್ಲಿ. ಚಾಮರಾಜನಗರದ ಹಳ್ಳಿಯಿಂದ ಬಂದಿದ್ದೆ. ಕ್ಲಬ್ ದಿನ ತಲೆನೋವು ಅಂತ ಪಿಜಿಯಲ್ಲಿ ಮಲಗಿದ್ದೆ. ತಲೆ ನೋಯುತ್ತಿರಲಿಲ್ಲ. ಎರಡು ವರ್ಷ ಯಾವ ಕ್ಲಬ್ಬಿಗೂ ಸೇರಲಿಲ್ಲ. ಮೂರನೇ ವರ್ಷ ಬಾಹಾ ತಂಡದವರಿಗೆ ವೆಲ್ಡಿಂಗ್ ಹಿಡಿಯೋಕೆ ಜನ ಬೇಕಿತ್ತು. ಬಾಹಾ ಅಂದರೆ ವಿದ್ಯಾರ್ಥಿಗಳೇ ಮಣ್ಣು ದಾರಿಯಲ್ಲಿ ಓಡೋ ಗಾಡಿ ಕಟ್ಟಿ ಸ್ಪರ್ಧೆಗೆ ಒಯ್ಯೋದು. ನಮ್ಮ ಚಿಕ್ಕಪ್ಪನದು ಗ್ರಿಲ್ ಅಂಗಡಿ, ನನಗೆ ವೆಲ್ಡಿಂಗ್ ಬರ್ತಿತ್ತು. ಹೋಗಿ ನಿಂತೆ. ಅಲ್ಲಿ ಯಾರಿಗೂ ನನ್ನ ಇಂಗ್ಲಿಷ್ ಬೇಕಿರಲಿಲ್ಲ. 'ಅಕ್ಕ, ಈ ಜಾಯಿಂಟ್ ನೋಡಿ' ಅಂತ ಕನ್ನಡದಲ್ಲೇ ಕರೀತಿದ್ರು.

ಎರಡು ವರ್ಷ ಸುಮ್ನೆ ಹಾಳಾಯಿತಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತೆ.

ನೀವು ಒಂದು ಕೆಲಸ ಮಾಡಿ. ಎಲ್ಲ ಸ್ಟಾಲಿಗೂ ಹೋಗಬೇಡಿ. ಎರಡು ಆರಿಸಿಕೊಳ್ಳಿ. ಹೋಗಿ 'ನಿಮ್ಮಲ್ಲಿ ವಾರಕ್ಕೆ ಎಷ್ಟು ಗಂಟೆ ಕೆಲಸ ಇರುತ್ತೆ, ಮೊದಲ ವರ್ಷದವರಿಗೆ ಏನು ಕೊಡ್ತೀರಿ' ಅಂತ ಕನ್ನಡದಲ್ಲೇ ಕೇಳಿ. ಬೆಂಗಳೂರಿನ ಕಾಲೇಜಿನ ಸ್ಟಾಲಿನಲ್ಲಿ ಕನ್ನಡ ಬರೋ ಒಬ್ಬರಾದರೂ ಸಿಕ್ಕೇ ಸಿಗ್ತಾರೆ. ಎರಡನೇ ಪ್ರಶ್ನೆಗೆ 'ಮೊದಲ ವರ್ಷ ಬರೀ ಪೋಸ್ಟರ್ ಅಂಟಿಸೋದು' ಅಂತ ಉತ್ತರ ಬಂದರೆ ಮುಂದಿನ ಸ್ಟಾಲಿಗೆ ನಡೆಯಿರಿ.

ಡಿಪ್ಲೊಮಾ ದಾರಿ

ಓದುತ್ತಾ ಇದ್ದೆ, ತಡೆಯಲಾಗಲಿಲ್ಲ. ನಾವು ಡಿಪ್ಲೊಮಾ ಮುಗಿಸಿ, ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರ ಎರಡನೇ ವರ್ಷಕ್ಕೆ ಬರುವವರು. ನಾನು ಸೇರಿದಾಗ ನಮಗೆ ಇಂಡಕ್ಷನ್ ಇಲ್ಲ, ಫ್ರೆಷರ್ಸ್ ಇಲ್ಲ, ಕ್ಲಬ್ ಸ್ಟಾಲ್ ಇಲ್ಲ. ಮೂರನೇ ಸೆಮಿಸ್ಟರ್ ಅರ್ಧ ತಿಂಗಳು ನಡೆದಮೇಲೆ ಬಂದು ಕೊನೇ ಬೆಂಚಿನಲ್ಲಿ ಕೂತೆವು. ಜೊತೆಗೆ ತಪ್ಪಿಹೋದ ಗಣಿತ ತುಂಬಿಸೋ ಬ್ರಿಡ್ಜ್ ಕೋರ್ಸ್ ಬೇರೆ. ನಿಮಗೆ 17 ಇದೆ ಅನ್ನೋದೇ ತಲೆನೋವು. ನಮಗೆ ಲ್ಯಾಬ್ ಎಲ್ಲಿದೆ ಅಂತ ತೋರಿಸೋಕೂ ಒಬ್ಬರು ಬರಲಿಲ್ಲ.

ನಿಮ್ಮ ಮೇಲೆ ಸಿಟ್ಟಲ್ಲ. ಚಾಕ್‌ಪೀಸ್ ಸರ್ ಥರದವರು ಸಮಿತಿಯಲ್ಲಿದ್ದರೆ ಕೇಳಿಸಿಕೊಳ್ಳಲಿ ಅಂತ ಬರೆದೆ.

ಚಾಕ್‌ಪೀಸ್

ಕೇಳಿಸಿಕೊಂಡೆ. ನಮ್ಮಲ್ಲೂ ಇದೇ ತಪ್ಪು ನಡೆದಿದೆ. ಸಮರ್ಥನೆ ಇಲ್ಲ.

ಖಾಕಿ ಕನಸು

ಎನ್‌ಸಿಸಿ ಬಗ್ಗೆ ಯಾರಾದರೂ ಸರಿಯಾಗಿ ಹೇಳಬೇಕು. ಸುಮ್ನೆ ಯೂನಿಫಾರ್ಮ್ ಆಸೆಗೆ ಬರಬೇಡಿ. ಹುಡುಗಿಯರದು ಸೀನಿಯರ್ ವಿಂಗ್. ಮೂರು ವರ್ಷದ ತರಬೇತಿ. ಎರಡು ವರ್ಷಕ್ಕೆ ಬಿ ಸರ್ಟಿಫಿಕೇಟ್ ಪರೀಕ್ಷೆ, ಮೂರಕ್ಕೆ ಸಿ. ಪರೇಡಿಗೆ 75 ಪರ್ಸೆಂಟ್ ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಬಿಡಲ್ಲ. ಹತ್ತು ದಿನದ ಕ್ಯಾಂಪು ಇಂಟರ್ನಲ್ಸ್ ಹೊತ್ತಿಗೇ ಬರುತ್ತೆ, ಯಾವಾಗಲೂ.

ಸಿಗೋದು ಏನು? ಸಿ ಸರ್ಟಿಫಿಕೇಟಿನಲ್ಲಿ ಕನಿಷ್ಠ ಬಿ ಗ್ರೇಡ್ ಇದ್ದು, ಡಿಗ್ರಿಯಲ್ಲಿ ಅಂಕವೂ ಇದ್ದರೆ, ಸೇನೆಯ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಅರ್ಜಿ ಹಾಕಬಹುದು. ಲಿಖಿತ ಪರೀಕ್ಷೆ ಇಲ್ಲ. ಅರ್ಜಿ ಆಯ್ಕೆಯಾದರೆ ಸೀದಾ ಎಸ್‌ಎಸ್‌ಬಿ, ಅಂದರೆ ಸೇನಾ ಅಧಿಕಾರಿಗಳನ್ನು ಆರಿಸುವ ಮಂಡಳಿಯ ಸಂದರ್ಶನ. ಆ ಕಡೆ ಮನಸ್ಸಿದ್ದರೆ ಶನಿವಾರ ಆರು ಗಂಟೆ ಅಂದರೆ ಐದೂವರೆಗೆ ಗ್ರೌಂಡಿನಲ್ಲಿರಿ. ಓಡಿಸುತ್ತಾರೆ. ಹಿಂದಿನ ರಾತ್ರಿ ಪಾನಿಪುರಿ ತಿನ್ನಬೇಡಿ. ನಾನು ತಿಂದಿದ್ದೆ.

ಮನಸ್ಸಿಲ್ಲದಿದ್ದರೆ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ನೋಡಿ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240, ಜೊತೆಗೆ ಏಳು ದಿನದ ಹಳ್ಳಿ ಶಿಬಿರ. ಅಲ್ಲಿ ಅಡುಗೆ ಮಾಡೋಕೆ ಬರುವವರಿಗೆ ಭಾರಿ ಮರ್ಯಾದೆ.

ಲೆಕ್ಕದ ಪುಸ್ತಕ

'ಕೆರಿಯರ್ ತರಬೇತಿ' ಬಗ್ಗೆ ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ, ಯಾಕೆಂದರೆ ಅಲ್ಲಿ ದುಡ್ಡು ಕಳಕೊಂಡವನು ನಾನು.

ಆಡಿಟೋರಿಯಂ, ಎಸಿ, ಕೈಗೆ ಒಂದು ಪೆನ್ನು. ಕೋಟು ಹಾಕಿದ ಒಬ್ಬ ವ್ಯಕ್ತಿ ಬಂದು ಒಂದು ಗಂಟೆ ಹೆದರಿಸಿದ. ನೀವು ಈಗಲೇ ಕೋಡಿಂಗ್ ಕಲಿಯದಿದ್ದರೆ ನಾಲ್ಕು ವರ್ಷ ಆದಮೇಲೆ ಕೆಲಸ ಇಲ್ಲ ಅಂದ. ಆಮೇಲೆ 'ಇವತ್ತು ಮಾತ್ರ' ರಿಯಾಯಿತಿ. 18 ಸಾವಿರದ ಕೋರ್ಸು, ಮೊದಲ ಕಂತು 2 ಸಾವಿರ. ಅಪ್ಪ ಖರ್ಚಿಗೆ ಕೊಟ್ಟಿದ್ದ ದುಡ್ಡು ಕಟ್ಟಿದೆ. ಬಂದಿದ್ದು ರೆಕಾರ್ಡ್ ಮಾಡಿಟ್ಟ ವಿಡಿಯೋ. ಯೂಟ್ಯೂಬಿನಲ್ಲಿ ಬಿಟ್ಟಿ ಸಿಗುವಂಥದ್ದೇ. ಉಳಿದ ಕಂತಿಗೆ ಆರು ತಿಂಗಳು ಫೋನ್ ಬರುತ್ತಿತ್ತು.

ಕಾಲೇಜಿನ ಪಟ್ಟಿಯಲ್ಲಿದೆ ಅಂದಮಾತ್ರಕ್ಕೆ ಕಾಲೇಜೇ ನಡೆಸುತ್ತೆ ಅಂತ ಅಲ್ಲ. ಹೋಗಲೇಬೇಕಾದರೆ ಪರ್ಸು, ಫೋನು ರೂಮಿನಲ್ಲಿಟ್ಟು ಹೋಗಿ. ಪೆನ್ನು ತಗೊಳ್ಳಿ.

ಪವರ್ ಕಟ್

ಪೆನ್ನು ಬರೆಯುತ್ತಾ?

ಲೆಕ್ಕದ ಪುಸ್ತಕ

ಇಲ್ಲ.

ಹಾಸ್ಟೆಲ್ ಮಹಡಿ

ಪಟ್ಟಿಯಲ್ಲಿ ಇಲ್ಲದ ಒಂದು ಕಾರ್ಯಕ್ರಮ ಇರುತ್ತೆ. ಮೊದಲ ವಾರ ರಾತ್ರಿ ಹನ್ನೊಂದಕ್ಕೆ ಸೀನಿಯರ್‌ಗಳು 'ಇಂಟ್ರೊ' ಅಂತ ಮಹಡಿಗೆ ಕರೆಯುತ್ತಾರೆ. ತಮಾಷೆ ಅಂತಾರೆ. ನನ್ನ ಬ್ಯಾಚಿನಲ್ಲಿ ತಮಾಷೆಯಾಗಿ ಉಳಿಯಲಿಲ್ಲ, ಒಬ್ಬ ಹುಡುಗ ವಾರದಲ್ಲೇ ಟಿಸಿ ತಗೊಂಡು ಹೋದ.

ಹೋಗಬೇಡಿ. ಅಡ್ಮಿಷನ್ನಿನಲ್ಲಿ ನೀವೂ ಅಪ್ಪ ಅಮ್ಮನೂ ರ್‍ಯಾಗಿಂಗ್ ವಿರೋಧಿ ಪ್ರಮಾಣಪತ್ರ ಕೊಟ್ಟಿರುತ್ತೀರಿ ಅಲ್ವಾ, ಯುಜಿಸಿಯ 2009ರ ನಿಯಮ ಅದು. ಆ ಸೀನಿಯರ್‌ಗಳೂ ಕೊಟ್ಟಿರುತ್ತಾರೆ. ಹೆಲ್ಪ್‌ಲೈನ್ 1800-180-5522, ರಾತ್ರಿಯೂ ಎತ್ತುತ್ತಾರೆ. ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.

ಎಲ್ಲ ಸೀನಿಯರ್‌ಗಳೂ ಹಾಗಲ್ಲ ಅನ್ನೋದೂ ನಿಜ. ಹಗಲು ಹೊತ್ತು ಕ್ಯಾಂಟೀನಿನಲ್ಲಿ ಟೀ ಕುಡಿಸಿ ಹಳೇ ನೋಟ್ಸು ಕೊಡುವ ಸೀನಿಯರ್ ಸಿಕ್ಕರೆ ಕೈಬಿಡಬೇಡಿ.

ಸೋಲ್ಡರಿಂಗ್ ಹೊಗೆ

ಹ್ಯಾಕಥಾನ್ ಬಗ್ಗೆ. ಮೊದಲ ತಿಂಗಳಿನಲ್ಲಿ 24 ಗಂಟೆ ಎಚ್ಚರ ಇದ್ದು ಮಾಡೋದೇನಿಲ್ಲ. ಕೋಡ್ ಬರೆಯೋಕೆ ಬರಬೇಕಲ್ಲ ಮೊದಲು. ಸ್ಮಾರ್ಟ್ ಇಂಡಿಯಾ ಹ್ಯಾಕಥಾನಿನ ಕಾಲೇಜು ಸುತ್ತು ನಡೆದಾಗ ನೋಡಿ. ಅದರಲ್ಲಿ ಆರು ಜನರ ತಂಡ, ಒಬ್ಬ ಹುಡುಗಿಯಾದರೂ ಇರಬೇಕು ಅಂತ ನಿಯಮ.

ಆ ನಿಯಮದಿಂದ ಒಂದು ಪೀಕಲಾಟ ಇದೆ. ಹುಡುಗರ ತಂಡದವರು ಕೊನೇ ದಿನ ಬಂದು 'ಹೆಸರು ಮಾತ್ರ ಕೊಡು ಸಾಕು' ಅಂತಾರೆ. ಕೊಡಬೇಡಿ. ನಿಮಗೆ ಯಾವ ಕೆಲಸ ಅಂತ ಮೊದಲೇ ಕೇಳಿ. ಪಿಪಿಟಿ ಮಾಡು ಅಂದರೆ ಬೇರೆ ತಂಡ ನೋಡಿ. ನೀವು ಎಲೆಕ್ಟ್ರಾನಿಕ್ಸ್, ಸರ್ಕ್ಯೂಟ್ ಕೇಳಿ.

ಆಗುಂಬೆ ಮಳೆ

ಹಾಗಾದರೆ ಮೂರನೇ ಶನಿವಾರ ಹ್ಯಾಕಥಾನ್ ಬಿಟ್ಟೆ. ಉಳಿದಿದ್ದು ಫ್ರೆಷರ್ಸ್ ಮತ್ತೆ ಭೂಮಿ ಹುಣ್ಣಿಮೆ. ಶನಿವಾರ ಮಧ್ಯಾಹ್ನ ಬಸ್ ಹತ್ತಿದರೆ ರಾತ್ರಿಗೆ ಊರು. ಶಕ್ತಿ ಯೋಜನೆ ಇರೋದರಿಂದ ಟಿಕೆಟ್ ಖರ್ಚಿಲ್ಲ. ನಮ್ಮನೆಯಲ್ಲಿ ಹಬ್ಬದ ಪೂಜೆಗೆ ಒಯ್ಯೋ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯೋದು ನಾನು. ಅಜ್ಜಿಗೆ ಈಗ ಕೈ ನಡುಗುತ್ತೆ. ಆದರೆ ರೂಮ್‌ಮೇಟ್ ಆಗಲೇ 'ನೀನು ಬರಲಿಲ್ಲ ಅಂದರೆ ನಾನೂ ಹೋಗಲ್ಲ' ಅಂತ ಕೂತಿದ್ದಾಳೆ.

ಚುರುಮುರಿ

ಪಾರ್ಟಿ ಪರ ಮಾತಾಡಿದವಳು ನಾನೇ, ಆದರೂ ಹೇಳ್ತೀನಿ: ಊರಿಗೆ ಹೋಗಿ. ರೂಮ್‌ಮೇಟನ್ನೂ ಕರ್ಕೊಂಡು ಹೋಗಿ!

ಕ್ಯಾಂಟೀನ್ ಮೂಲೆ

ನಾನು ಒಪ್ಪಲ್ಲ. ಮೊದಲ ತಿಂಗಳಿನಲ್ಲಿ ಪ್ರತಿ ವಾರ ಊರಿಗೆ ಓಡುವವರು ಕಾಲೇಜಿಗೆ ಹೊಂದಿಕೊಳ್ಳೋದೇ ಇಲ್ಲ. ಶನಿವಾರ ಬಂದರೆ ಬ್ಯಾಗು, ಸೋಮವಾರ ಬಂದರೆ ಅಳು. ನನ್ನ ರೂಮಿನಲ್ಲೇ ಇದ್ದ ಒಬ್ಬ.

ಸ್ಲೇಟು ಬಳಪ

ಪ್ರತಿ ವಾರ ಬೇರೆ, ಹಬ್ಬಕ್ಕೆ ಒಂದು ಸಲ ಬೇರೆ. ಅಜ್ಜಿ ಕೈ ನಡುಗುತ್ತೆ ಅಂತ ಬರೆದಿದ್ದಾಳೆ, ಓದಿಲ್ವಾ?

ಕ್ಯಾಂಟೀನ್ ಮೂಲೆ

ಓದಿದೆ. ಸರಿ ಅಕ್ಕ.

ನೈಟ್ ಬಸ್ ಅಪ್ಪ

900 ರೂಪಾಯಿ ಉಳಿಯಿತು ಅಂತ ಅಪ್ಪನಿಗೆ ಹೇಳಬೇಡಿ ತಂಗಿ. ಒಂದು ಒಳ್ಳೆ ಛತ್ರಿ ತಗೊಳ್ಳಿ. ಬೆಂಗಳೂರಿನ ಸಂಜೆ ಮಳೆ ನಿಮ್ಮ ಮಲೆನಾಡಿನ ಥರ ಹೇಳಿಕೇಳಿ ಬರಲ್ಲ.

ಆಗುಂಬೆ ಮಳೆ

ನಾಲ್ಕು ವಾರ ಆಯಿತು. ಏನಾಯಿತು ಅಂತ ಕೇಳಿದವರಿಗೆ ಬರೀತಿದ್ದೀನಿ.

ಎನ್‌ಸಿಸಿಗೆ ಆಯ್ಕೆ ಆಗಲಿಲ್ಲ. ಓಟದಲ್ಲಿ ಚೆನ್ನಾಗಿಯೇ ಮಾಡಿದೆ, ಆದರೆ ಇದ್ದ ಜಾಗ ಕಮ್ಮಿ, ಬಂದವರು ಜಾಸ್ತಿ. ಬೇಜಾರಾಯಿತು, ಎರಡು ದಿನ. ಆಮೇಲೆ ಎನ್‌ಎಸ್‌ಎಸ್ ಫಾರ್ಮ್ ತುಂಬಿದೆ. ಅಪ್ಪ ಪೋಷಕರ ಸಭೆಯಲ್ಲಿ ಸ್ಕಾಲರ್‌ಶಿಪ್ ಪ್ರಶ್ನೆ ಕೇಳಿದರಂತೆ, ಕನ್ನಡದಲ್ಲಿ. ವಾಪಸ್ ಹೋಗುವಾಗ ಬಸ್‌ಸ್ಟ್ಯಾಂಡಿನಲ್ಲಿ ಅದನ್ನೇ ಮೂರು ಸಲ ಹೇಳಿದರು.

ವಿಭಾಗದ ಪರಿಚಯಕ್ಕೆ ಹೋದೆ, ನೋಟ್ ಮಾಡಿಕೊಂಡೆ. ಈಗ ಅರ್ಧ ಕ್ಲಾಸಿನ ಫೋನಿನಲ್ಲಿ ಆ ಹಾಳೆಯ ಫೋಟೋ ಇದೆ. ಗಣ್ಯರ ಭಾಷಣ ಮೂರರಲ್ಲಿ ಎರಡು ಬಿಟ್ಟೆ. ಕೆರಿಯರ್ ತರಬೇತಿಗೆ ಹೋಗಲೇಬೇಕಾಯಿತು, ಹಾಜರಿ ಇತ್ತು. ಪರ್ಸು ಒಯ್ಯಲಿಲ್ಲ. ಪೆನ್ನೂ ಕೊಡಲಿಲ್ಲ, ಬರೀ ಸ್ಟಿಕ್ಕರ್.

ಕನ್ನಡ ಸಂಘದ ಆಡಿಷನ್ನಿನಲ್ಲಿ ಹಾಡು ಕೆಟ್ಟಿತು. ಹೊರಡುವಾಗ ಅಲ್ಲಿದ್ದ ಅಕ್ಕ ನನ್ನ ಫೋನಿನ ವಾಲ್‌ಪೇಪರ್ ನೋಡಿ, ಇದು ಯಾರು ಬರೆದ ಚಿತ್ತಾರ ಅಂತ ಕೇಳಿದರು. ಈಗ ನವೆಂಬರ್ 1ರ ವೇದಿಕೆಗೆ ಹಿಂದಿನ ಪರದೆ ಬರೆಯೋ ಕೆಲಸ ನನಗೆ. ಹನ್ನೆರಡು ಅಡಿ ಅಗಲ, ದೇವರೇ ಗತಿ.

ಹಬ್ಬಕ್ಕೆ ಊರಿಗೆ ಹೋದೆ. ರೂಮ್‌ಮೇಟ್ ಬರಲಿಲ್ಲ, ಪಾರ್ಟಿಗೇ ಹೋದಳು. ರಾತ್ರಿ ಅವಳು ಕಳಿಸಿದ ಫೋಟೋ ನೋಡಿ ಸ್ವಲ್ಪ ಹೊಟ್ಟೆಕಿಚ್ಚು ಆಯಿತು, ಸುಳ್ಳು ಹೇಳಲ್ಲ. ಸೋಮವಾರ ಅವಳಿಗೆ ಕೊಟ್ಟೆ ಕಡುಬು ತಗೊಂಡು ಹೋದೆ. ಹಳಸಿತ್ತು.

ಅದಿರಲಿ, ಮೊದಲ ಇಂಟರ್ನಲ್ಸ್ ಮುಂದಿನ ಸೋಮವಾರ. ಫಿಸಿಕ್ಸ್ ಸೈಕಲ್ಲಿನ ಹಳೇ ಪ್ರಶ್ನೆಪತ್ರಿಕೆ ಯಾರ ಹತ್ತಿರ ಆದರೂ ಇದೆಯಾ?

ಸೋಲ್ಡರಿಂಗ್ ಹೊಗೆ

ಮೂರು ವರ್ಷದ್ದು ಇದೆ. ಇನ್‌ಬಾಕ್ಸ್ ನೋಡಿ.